ಬೆಂಕಿಯಣ್ಣನ ಸಪ್ಪೆ ದಿನಗಳು

ಟೈರು ಅಂಗಡಿಗೂ ಡ್ರೈವಿಂಗ್ ಸ್ಕೂಲಿಗೂ ನಡುವೆ ಇದ್ದ ಆ ಚೈನೀಸ್ ಹೋಟೆಲಿಗೆ ಬೋರ್ಡಿನ ಮೇಲೆ ಒಂದು ಹೆಸರಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ. ಎಲ್ಲರಿಗೂ ಅದು ಬೆಂಕಿಯಣ್ಣನ ಹೋಟೆಲು. ಊಟದ ಹಾಲಿಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ದೊಡ್ಡದೊಂದು ಕಿಂಡಿ. ಅದರಾಚೆ ನಿಂತು ಅವನು ಬಾಣಲೆಯನ್ನು ಒಮ್ಮೆ ಕುಲುಕಿ ಹಾರಿಸಿದರೆ ಒಲೆಯ ಜ್ವಾಲೆ ಬಾಣಲೆಯೊಳಕ್ಕೆ ನುಗ್ಗಿ ಅವನ ಹಣೆಯ ತನಕ ಏಳುತ್ತಿತ್ತು. ಅದನ್ನು ನೋಡಲೆಂದೇ ಮಕ್ಕಳು ಕಿಂಡಿಯ ಹತ್ತಿರದ ಮೇಜು ಬೇಕೆಂದು ಹಟ ಹಿಡಿಯುತ್ತಿದ್ದರು. ಅವನ ಹುಬ್ಬು ಪೂರ್ತಿ ಬೆಳೆದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಅವನು ಈ ಕೆಲಸ ಕಲಿತದ್ದು ಒಬ್ಬ ಹಿರಿಯ ಚೀನೀ ಬಾಣಸಿಗರ ಕೈಕೆಳಗೆ. ತಟ್ಟೆ ತೊಳೆಯಲು ಸೇರಿಕೊಂಡವನು ಮೆಲ್ಲಗೆ ಒಲೆಯ ಪಕ್ಕಕ್ಕೆ ಸರಿದಿದ್ದ. ಗುರುಗಳ ಮಾತು ಇವನಿಗೆ ತಿಳಿಯುತ್ತಿರಲಿಲ್ಲ, ಇವನ ಮಾತು ಅವರಿಗೆ ತಿಳಿಯುತ್ತಿರಲಿಲ್ಲ. ಪಾಠವೆಲ್ಲ ಸೌಟಿನಲ್ಲೇ. ತಪ್ಪಾದರೆ ಮಣಿಕಟ್ಟಿನ ಮೇಲೆ ಸೌಟಿನ ಏಟು. ಸರಿಯಾದರೆ ಏಟು ಬೀಳುತ್ತಿರಲಿಲ್ಲ, ಹೊಗಳಿಕೆ ಅಂದರೆ ಅಷ್ಟೇ. ಅಳತೆ, ತೂಕ ಏನೂ ಇಲ್ಲ. ಒಲೆಯಿಂದ ಇಳಿಯುವ ಪ್ರತಿಯೊಂದನ್ನೂ ನಾಲಿಗೆಗೆ ಮುಟ್ಟಿಸಿ ನೋಡಿಯೇ ತಟ್ಟೆಗೆ ಹಾಕಬೇಕು ಎನ್ನುವುದೊಂದೇ ಕಟ್ಟುನಿಟ್ಟು. ಮುಂದೆ ಸ್ವಂತ ಹೋಟೆಲು ಇಟ್ಟಾಗಲೂ ಬೆಂಕಿಯಣ್ಣ ಇದನ್ನು ಬಿಡಲಿಲ್ಲ. ಮುಂಗೈ ಮೇಲೆ ಒಂದು ತೊಟ್ಟು ಸಾರು ಬಿಟ್ಟುಕೊಂಡು ನೆಕ್ಕಿ, ಕಣ್ಣು ಅರೆಮುಚ್ಚಿ, ತಲೆಯಾಡಿಸಿದ ಮೇಲೆಯೇ ತಟ್ಟೆ ಕಿಂಡಿಗೆ ಬರುತ್ತಿತ್ತು.

ಗಲ್ಲಾದಲ್ಲಿ ಕೂರುತ್ತಿದ್ದವಳು ಅವನ ಹೆಂಡತಿ. ಕೆಲಸದವರಿಂದ ಹಿಡಿದು ಗಿರಾಕಿಗಳ ತನಕ ಎಲ್ಲರಿಗೂ ಅವಳು ಅತ್ತಿಗೆ. ಮೇಜುಗಳಿಗೆ ಬಡಿಸುತ್ತಿದ್ದವಳು ಅವನ ತಂಗಿ. ಅತ್ತಿಗೆಗೆ ತಿನ್ನುವುದೆಂದರೆ ಪ್ರಾಣ. ಮಧ್ಯಾಹ್ನದ ಗದ್ದಲ ಮುಗಿದು ಬಾಗಿಲು ಅರ್ಧ ಎಳೆದ ಮೇಲೆ ಒಂದು ಬಟ್ಟಲು ನೂಡಲ್ಸಿಗೆ ಸೋಯಾ ಸಾಸನ್ನು ಹೊಳೆಯಂತೆ ಸುರಿದುಕೊಂಡು ಕೂರುತ್ತಿದ್ದಳು.

"ಇದು ಊಟಾನಾ, ಇಲ್ಲಾ ಸಾಸಿನ ಕಷಾಯಾನಾ?" ಎಂದು ಗಂಡ ಕಿಚಾಯಿಸುತ್ತಿದ್ದ.

"ನಿಮ್ಮ ಕೈ ಬಿಗಿ. ಅದಕ್ಕೇ ನಾನು ಸರಿಮಾಡ್ಕೋತೀನಿ" ಎನ್ನುತ್ತಿದ್ದಳು ಅವಳು.

ಒಂದು ದಿನ ಅವಳ ಚಪ್ಪಲಿ ಕಾಲಿಗೆ ಹಿಡಿಯಲಿಲ್ಲ. ಪಾದ ಊದಿಕೊಂಡಿತ್ತು. ಬೆಳಗಾಗುವಷ್ಟರಲ್ಲಿ ಮುಖವೂ ಊದಿತು. ರಕ್ತ, ಮೂತ್ರ, ಸ್ಕ್ಯಾನಿಂಗು ಎಂದು ಎಲ್ಲ ಪರೀಕ್ಷೆಗಳಾದ ಮೇಲೆ ಡಾಕ್ಟರು, ಮೂತ್ರಪಿಂಡಗಳು ಸೋತಿವೆ, ಇನ್ನೂ ಕೈಬಿಟ್ಟಿಲ್ಲ, ಜೋಪಾನವಾಗಿ ನೋಡಿಕೊಂಡರೆ ಬಹಳ ಕಾಲ ಬರುತ್ತವೆ ಎಂದರು. ಜೋಪಾನ ಎಂದರೆ ಮೊದಲು ಉಪ್ಪು ಬಿಡಬೇಕು. "ಸೋಯಾ ಸಾಸ್ ಅಂತೂ ಕಣ್ಣಲ್ಲೂ ನೋಡ್ಬೇಡಿ" ಎಂದರು. ಅತ್ತಿಗೆ ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ ಗಂಡನಿಗೆ, "ನನ್ನನ್ನ ಮದುವೆ ಆಗಿದ್ದು ಚೈನೀಸ್ ಅಡುಗೆಯವರು. ನಾನು ಏನನ್ನ ನೋಡ್ಲಿ, ಏನನ್ನ ಬಿಡ್ಲಿ?" ಎಂದು ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು.

ಅವತ್ತು ಸಂಜೆಯೇ ಬೆಂಕಿಯಣ್ಣ ಮನೆಯ ಉಪ್ಪಿನ ಡಬ್ಬಿ, ಸಾಸಿನ ಬಾಟಲಿ ಎಲ್ಲವನ್ನೂ ಪಕ್ಕದ ಮನೆಗೆ ಕೊಟ್ಟುಬಿಟ್ಟ. ಹೆಂಡತಿ ಆಕ್ಷೇಪಿಸಿದಳು. "ನನಗೆ ತಾನೇ ಬೇಡ ಅಂದಿದ್ದು? ನೀವ್ಯಾಕೆ ಬಿಡ್ತೀರಿ?"

"ನನಗೂ ಬಿಪಿ ಇದೆಯಂತೆ. ನೀನು ಸ್ಕ್ಯಾನಿಂಗಿಗೆ ಹೋದಾಗ ನಾನೂ ತೋರಿಸ್ಕೊಂಡೆ" ಎಂದ ಅವನು, ಒಲೆಯ ಕಡೆ ತಿರುಗಿಕೊಂಡೇ.

ಅಂದಿನಿಂದ ಮನೆಯ ಅಡುಗೆ ಅವನದ್ದೇ. ಹೋಟೆಲಿಗೆ ಹೋಗುವ ಮುಂಚೆ, ಮಧ್ಯಾಹ್ನ ಬಿಡುವಾದಾಗ ಮನೆಗೆ ಓಡಿಬಂದು, ಶುಂಠಿ, ಬೆಳ್ಳುಳ್ಳಿ, ಮೆಣಸು, ವಿನಿಗರ್ ಹೀಗೆ ಉಪ್ಪೊಂದನ್ನು ಬಿಟ್ಟು ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿ ನೋಡಿದ. ಮೊದಮೊದಲು ಇಬ್ಬರೂ ಔಷಧಿ ಕುಡಿದಂತೆ ನುಂಗುತ್ತಿದ್ದರು. ಒಬ್ಬರ ಮುಖ ಇನ್ನೊಬ್ಬರು ನೋಡದೆ ಊಟ ಮುಗಿಸುತ್ತಿದ್ದರು. ಆಮೇಲೆ ಯಾವಾಗಲೋ, ಯಾರಿಗೂ ಹೇಳದೆ ಕೇಳದೆ, ನಾಲಿಗೆ ಒಗ್ಗಿಕೊಂಡಿತು. ಕ್ಯಾರೆಟ್ಟಿನಲ್ಲಿ ಅಷ್ಟೊಂದು ಸಿಹಿ ಇದೆ ಎಂದು, ಎಲೆಕೋಸಿನ ದಂಟಿನಲ್ಲಿ ಸಣ್ಣಗೆ ಖಾರ ಇದೆ ಎಂದು ಬೆಂಕಿಯಣ್ಣನಿಗೆ ಗೊತ್ತಾದದ್ದು ಆಗಲೇ. ಇಷ್ಟು ವರ್ಷ ಇವನ್ನೆಲ್ಲ ಹೆಚ್ಚಿ ಹುರಿದಿದ್ದೇನೆ, ಒಂದು ದಿನವೂ ತಿಂದಿರಲಿಲ್ಲವಲ್ಲ ಎಂದು ಹೆಂಡತಿಯ ಮುಂದೆ ಬೆರಗಾದ.

ಹೋಟೆಲಿನಲ್ಲಿ ಏನೋ ಸರಿಯಿಲ್ಲ ಎಂದು ಮೊದಲು ಗಮನಿಸಿದ್ದು ತಂಗಿ. ಗಲ್ಲಾದಲ್ಲಿ ಈಗ ಅತ್ತಿಗೆ ಇರಲಿಲ್ಲ. ಬಿಲ್ಲು, ಬಡಿಸುವುದು ಎರಡೂ ಇವಳ ತಲೆಗೇ ಬಿದ್ದಿತ್ತು. ಮೇಜಿನ ಮೇಲಿನ ಸಾಸಿನ ಬಾಟಲಿಗಳು ಬೇಗ ಬೇಗ ಖಾಲಿಯಾಗತೊಡಗಿದವು. ಉಪ್ಪು ಕೇಳುವವರು ಹೆಚ್ಚಾದರು. ಆಮೇಲೆ ಕೇಳುವುದನ್ನೂ ಬಿಟ್ಟು ತಟ್ಟೆಯಲ್ಲಿ ಅರ್ಧ ಬಿಟ್ಟು ಏಳತೊಡಗಿದರು. ಕೇಳುವ ಗಿರಾಕಿಗಿಂತ ಸುಮ್ಮನೆ ಎದ್ದುಹೋಗುವ ಗಿರಾಕಿಗೆ ತಂಗಿ ಹೆಚ್ಚು ಹೆದರುತ್ತಿದ್ದಳು.

ಪಕ್ಕದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ದಿನಾ ಮಧ್ಯಾಹ್ನ ಬಂದು ಒಂದೇ ಮೇಜಿನಲ್ಲಿ ಕೂತು ಫ್ರೈಡ್ ರೈಸ್ ತಿನ್ನುವವರು. ಬೆಳಗಿನಿಂದ ಪಕ್ಕದ ಸೀಟಿನಲ್ಲಿ ಕೂತು ಕಂಡವರ ಕೈಯಲ್ಲಿ ಜೀವ ಇಟ್ಟು ಬರುತ್ತಿದ್ದರಿಂದ ಊಟದ ಹೊತ್ತಿಗೆ ಮಾತೇ ಹೊರಡುತ್ತಿರಲಿಲ್ಲ. ಅಂಥವರೇ ಒಂದು ದಿನ ತಂಗಿಯನ್ನು ಕರೆದು ಕೇಳಿದರು:

"ಏನಮ್ಮಾ, ಅಣ್ಣ ರಜೆನಾ?"

"ಇಲ್ವಲ್ಲ ಮೇಷ್ಟ್ರೇ. ಒಳಗೇ ಇದ್ದಾರೆ. ಬೆಂಕಿ ಕಾಣ್ತಿಲ್ವಾ?"

"ಬೆಂಕಿ ಕಾಣ್ತಿದೆ. ಅಣ್ಣ ಕಾಣ್ತಿಲ್ಲ" ಎಂದು ಅವರು ಚಮಚವನ್ನು ತಟ್ಟೆಯ ಮೇಲೆ ಮಗುಚಿಟ್ಟರು.

ತಂಗಿ ಕಿಂಡಿಯ ಹತ್ತಿರ ಹೋಗಿ ಒಂದು ಚಮಚ ಸೂಪು ಕುಡಿದು ನೋಡಿದಳು. "ಅಣ್ಣ, ಸೂಪು ಸಪ್ಪೆ."

ಅವನೂ ಮುಂಗೈ ಮೇಲೆ ಬಿಟ್ಟುಕೊಂಡು ನೆಕ್ಕಿದ. ಕಣ್ಣು ಅರೆಮುಚ್ಚಿತು, ತಲೆ ಆಡಿತು. "ಎಲ್ಲಿ ಸಪ್ಪೆ? ಹದವಾಗಿದೆ. ನಿಂಗೆ ನೆಗಡಿ ಇರ್ಬೇಕು."

"ನಂಗೂ ನೆಗಡಿ, ಮೇಷ್ಟ್ರಿಗೂ ನೆಗಡಿ. ಊರಿಗೆಲ್ಲ ನೆಗಡಿ, ನಿಂಗೊಬ್ಬನಿಗೇ ಆರೋಗ್ಯ!"

ಅವನಿಗೆ ಸಿಟ್ಟು ಬಂತು. ಮೊದಲು ಸಾಸಿನ ಕಂಪನಿಯವರು ನೀರು ಬೆರೆಸುತ್ತಿದ್ದಾರೆ ಎಂದು ಬಾಟಲಿ ಬದಲಾಯಿಸಿದ. ಆಮೇಲೆ ಗ್ಯಾಸಿನ ಉರಿ ಸಾಲದು ಎಂದು ಒಲೆ ಬಿಚ್ಚಿಸಿ ರಿಪೇರಿ ಮಾಡಿಸಿದ. ಕೊನೆಗೆ, ಈಗಿನ ಜನರಿಗೆ ನಾಲಿಗೆಯೇ ಇಲ್ಲ, ಪೊಟ್ಟಣದ ಚಿಪ್ಸು ತಿಂದು ತಿಂದು ಹಾಳು ಮಾಡಿಕೊಂಡಿದ್ದಾರೆ ಎಂದು ತೀರ್ಮಾನಿಸಿದ. ತಂಗಿ ಫೋನಿನಲ್ಲಿ ಗಿರಾಕಿಗಳು ಬರೆದದ್ದನ್ನು ಓದಿ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. 'ಬೆಂಕಿ ಚೆನ್ನಾಗಿದೆ, ಊಟ ಮಾಡುವುದಿದ್ದರೆ ಬೇರೆ ಕಡೆ ಹೋಗಿ' ಎಂದು ಒಬ್ಬರು ಬರೆದಿದ್ದರು.

ಒಂದು ಭಾನುವಾರ ಮಧ್ಯಾಹ್ನ ಹಳೆಯ ಗಿರಾಕಿ ಅಜ್ಜಿಯೊಬ್ಬರನ್ನು ಮಕ್ಕಳು ಕರೆದುಕೊಂಡು ಬಂದರು. ಅಜ್ಜ ಇದ್ದಾಗ ಇಬ್ಬರೂ ಆಗಾಗ ಬರುತ್ತಿದ್ದವರು. ಅವರು ತೀರಿಕೊಂಡ ಮೇಲೆ ಅಜ್ಜಿ ಹೊರಗೆ ಊಟಕ್ಕೆ ಬಂದದ್ದು ಇದೇ ಮೊದಲಂತೆ. ಅದು ಅಜ್ಜನ ಹುಟ್ಟಿದ ದಿನ. "ಅವರಿಗೆ ಇಲ್ಲಿಯ ಹುಳಿ-ಖಾರದ ಸೂಪು ಅಂದ್ರೆ ಆಯ್ತು, ಬೇರೆ ಏನೂ ಬೇಡ" ಎಂದು ಅಜ್ಜಿ ತಂಗಿಯ ಕೈ ಹಿಡಿದುಕೊಂಡು ಹೇಳಿದರು. ತಂಗಿ ಅಡುಗೆಮನೆಗೆ ಹೋಗಿ, "ಅಣ್ಣ, ನಿನ್ನ ಕಾಲಿಗೆ ಬೀಳ್ತೀನಿ, ಇದೊಂದಕ್ಕೆ ಉಪ್ಪು ಸರಿಯಾಗಿ ಹಾಕು" ಎಂದಳು. ಅವನು ರೇಗಿ, ತನಗೆ ಸರಿ ಕಂಡಷ್ಟೇ ಹಾಕಿದ.

ಅಜ್ಜಿ ಒಂದು ಚಮಚ ಬಾಯಿಗಿಟ್ಟರು. ಇನ್ನೊಂದು ಚಮಚ ಕುಡಿದರು. "ಇದಲ್ಲ" ಎಂದರು ಮೆಲ್ಲಗೆ, ಯಾರಿಗೂ ಅಲ್ಲದಂತೆ. ಮಕ್ಕಳು ಏನೇನೋ ಮಾತು ತೆಗೆದು ಬೇಗ ಬೇಗ ಊಟ ಮುಗಿಸಿದರು. ಹೋಗುವಾಗ ಮಗಳು, "ಎಲ್ಲಾ ಚೆನ್ನಾಗಿತ್ತು" ಎಂದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ತಂಗಿಗೆ.

ಗಿರಾಕಿ ಕಡಿಮೆಯಾದಂತೆ ಇನ್ನೊಂದು ತೊಂದರೆ ಶುರುವಾಯಿತು. ತಂದ ಸಾಮಾನು ಖರ್ಚಾಗುತ್ತಿರಲಿಲ್ಲ. ಸೊಪ್ಪು ಬಾಡಿತು. ಮಾಡಿಟ್ಟ ಸ್ಪ್ರಿಂಗ್ ರೋಲುಗಳು ಫ್ರೀಜರಿನಲ್ಲಿ ಕೂತು ಕೂತು, ಕರಿದರೆ ರಟ್ಟಿನಂತಾಗುತ್ತಿದ್ದವು. ಸಪ್ಪೆ ಎನ್ನುತ್ತಿದ್ದವರು ಈಗ ಹಳಸಲು ಎನ್ನತೊಡಗಿದರು. ಕೊನೆಗೊಂದು ದಿನ ಒಂದು ತಟ್ಟೆ ಸೀಗಡಿ ಮುಟ್ಟದೆಯೇ ವಾಪಸು ಬಂತು. "ವಾಸನೆ ಬರ್ತಿದೆ ಅಂದ್ರು" ಎಂದು ತಂಗಿ ಅದನ್ನು ಕಿಂಡಿಯಲ್ಲಿಟ್ಟಳು. ಬೆಂಕಿಯಣ್ಣ ಬಾಯಿ ಮಾಡಲು ಹೊರಟವನು ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದ. ವಾಸನೆ ಇತ್ತು. ಮುಂಗೈ ಮೇಲೆ ಸಾಸು ನೆಕ್ಕಿ ನೋಡಿದ್ದನೇ ಹೊರತು ಸೀಗಡಿಯನ್ನು ಮೂಸಿರಲಿಲ್ಲ.

ಅವನು ಒಲೆ ಆರಿಸಿದ. ಕೂತಿದ್ದ ಒಂದಿಬ್ಬರಿಗೆ ಕೈಮುಗಿದು ಕಳಿಸಿದ. ಫ್ರೀಜರಿನಲ್ಲಿದ್ದದ್ದನ್ನೆಲ್ಲ ತೆಗೆದು ಕಸದ ಡಬ್ಬಿಗೆ ಸುರಿದು ಹಿತ್ತಿಲ ಮೆಟ್ಟಿಲ ಮೇಲೆ ಕುಕ್ಕರಿಸಿದ. "ಗುರುಗಳು ಇದ್ದಿದ್ರೆ ಇವತ್ತು ಕೈ ಮುರೀತಿದ್ರು" ಎಂದ. ಎರಡು ದಿನ ಬಾಗಿಲು ಹಾಕಿ ಪೂರ್ತಿ ತೊಳೆಯುವುದು ಎಂದಾಯಿತು.

ಮರುದಿನ ಮಧ್ಯಾಹ್ನ, ಅರ್ಧ ತೊಳೆದಿಟ್ಟು, ಅಣ್ಣನ ಜೊತೆ ಅವಳೂ ಅತ್ತಿಗೆಯನ್ನು ನೋಡಲು ಮನೆಗೆ ಬಂದಳು. ಹೋಟೆಲಿನ ಕೆಲಸದ ನಡುವೆ ಬಂದರೂ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದವಳು, ಕೂತು ಉಂಡು ಬಹಳ ದಿನವಾಗಿತ್ತು. ಅತ್ತಿಗೆ ಸಂಭ್ರಮದಿಂದ ತಟ್ಟೆ ಹಾಕಿದಳು. ಊದಿಕೆ ಇಳಿದು ಮುಖ ಮೊದಲಿನಂತಾಗಿತ್ತು. ಬೆಂಕಿಯಣ್ಣ ಹಬೆಯಲ್ಲಿ ಬೇಯಿಸಿದ ಮೀನು, ಶುಂಠಿ ಹಾಕಿದ ತರಕಾರಿ, ಅನ್ನ ಬಡಿಸಿದ.

ತಂಗಿ ಒಂದು ತುತ್ತು ಬಾಯಿಗಿಟ್ಟಳು. ಬಿಸಿಯಾಗಿತ್ತು, ಮೆತ್ತಗಿತ್ತು, ಘಮಘಮ ಎನ್ನುತ್ತಿತ್ತು. ಬಾಯೊಳಗೆ ಹೋದಮೇಲೆ ಮಾತ್ರ ಏನೂ ಇಲ್ಲ, ಬೆಚ್ಚನೆಯ ಹತ್ತಿ ಅಗಿದಂತೆ. "ಅತ್ತಿಗೆ, ಸ್ವಲ್ಪ ಉಪ್ಪು ಕೊಡ್ತೀರಾ?"

ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. "ಮನೇಲಿಲ್ಲ ಕಣೆ" ಎಂದಳು ಅತ್ತಿಗೆ.

"ಉಪ್ಪು ಯಾಕೆ? ಆ ಕ್ಯಾರೆಟ್ ತಿಂದು ನೋಡು, ಎಷ್ಟು ಸಿಹಿ ಇದೆ!" ಎಂದ ಬೆಂಕಿಯಣ್ಣ. ತಾನೂ ಒಂದು ಹೋಳು ಬಾಯಿಗಿಟ್ಟು ಕಣ್ಣು ಅರೆಮುಚ್ಚಿ ತಲೆಯಾಡಿಸಿದ. ಹೋಟೆಲಿನಲ್ಲಿ ಸೂಪು ನೆಕ್ಕಿ ಹದವಾಗಿದೆ ಎನ್ನುವಾಗಿನ ಮುಖವೇ ಅದು. ಅದನ್ನು ನೋಡಿ ತಂಗಿ ತುತ್ತು ಅಲ್ಲೇ ಬಿಟ್ಟಳು.

"ಅಣ್ಣ, ನೀನ್ಯಾಕೆ ಇದನ್ನ ತಿಂತಿದ್ದೀಯ?"

"ಅವರಿಗೂ ಬಿಪಿ ಅಲ್ವೇನೆ" ಎಂದಳು ಅತ್ತಿಗೆ.

"ಬಿಪಿನಾ? ಲೈಸೆನ್ಸಿಗೆ ಅಂತ ಮೊನ್ನೆ ಹೋಟೆಲಿನವರಿಗೆಲ್ಲ ಡಾಕ್ಟ್ರ ಹತ್ರ ತಪಾಸಣೆ ಮಾಡಿಸಿದ್ವಲ್ಲ ಅತ್ತಿಗೆ, ಎಲ್ಲರಿಗಿಂತ ಗಟ್ಟಿಯಾಗಿದ್ದೋನು ಇವನೇ."

ಬೆಂಕಿಯಣ್ಣ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದ. ಅತ್ತಿಗೆ ಅವನನ್ನೇ ನೋಡಿದಳು. "ಸುಳ್ಳು ಹೇಳಿದ್ರಾ?"

"ಸುಳ್ಳೇನು ಬಂತು... ಈ ವಯಸ್ಸಿಗೆ ಬಂದ್ರೂ ಬರಬಹುದಿತ್ತಲ್ಲ."

ಬೇರೆ ಹೊತ್ತಾಗಿದ್ದರೆ ಮೂವರೂ ನಗುತ್ತಿದ್ದರೇನೋ. ತಂಗಿ ಬಚ್ಚಿಟ್ಟುಕೊಂಡಿದ್ದನ್ನೆಲ್ಲ ಹೇಳಿಬಿಟ್ಟಳು. ಹುಷಾರಿಲ್ಲದವರ ಮುಂದೆ ಬೇಡ ಎಂದು ಅಲ್ಲಿಯತನಕ ತಡೆದಿದ್ದಳು. ಖಾಲಿ ಮೇಜುಗಳು, ಮೇಷ್ಟ್ರ ಮಾತು, ಅಜ್ಜಿ, ಸೀಗಡಿ ಎಲ್ಲವೂ ಹೊರಬಂತು. ಅತ್ತಿಗೆಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಹೋಟೆಲು ಹೇಗಿದೆ ಎಂದರೆ ಗಂಡ ದಿನಾ 'ಇದೆ' ಎನ್ನುತ್ತಿದ್ದ, ಅಷ್ಟೇ.

ಅವಳು ತನ್ನ ತಟ್ಟೆಯನ್ನು ಬದಿಗೆ ಸರಿಸಿದಳು. ಆಮೇಲೆ ಹೇಳಿದಳು: "ನನ್ನ ಕಾಯಿಲೆ ನನಗಿರಲಿ. ಅದನ್ನ ಬಂದವರಿಗೆಲ್ಲ ಯಾಕ್ರೀ ಬಡಿಸ್ತೀರಿ?"

"ನೀನು ಇದನ್ನ ತಿನ್ನುವಾಗ ಎದುರಿಗೆ ಕೂತು ನಾನು ಬೇರೆ ತಿನ್ನಲಾ? ನನ್ನ ಕೈಲಾಗಲ್ಲ."

"ಹಾಗಾದ್ರೆ ನಾನು ಹೇಗೋ ಬದುಕ್ತೀನಿ, ಹೋಟೆಲು ಸಾಯ್ಲಿ. ಅದು ನಿಮ್ಮ ಕೈಲಾಗುತ್ತಾ?"

ಅವನು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದು, ಕೈ ತೊಳೆದು, ಹೋಟೆಲು ತೊಳೆಯಲು ಹೊರಟುಹೋದ. ಜನರ ನಾಲಿಗೆ ಅಲ್ಲ, ತನ್ನದೇ ದಾರಿ ಬದಲಿಸಿದೆ ಎಂದು ಒಪ್ಪಿಕೊಳ್ಳುವುದು ಅವನಿಗೆ ಸುಲಭವಿರಲಿಲ್ಲ. ಗುರುಗಳ ಏಟಿಗೆ ಸಿಕ್ಕಿದ ಕೈಯನ್ನು ನಂಬದೆ ನಾಲಿಗೆಯನ್ನೇ ನಂಬಿ ಬದುಕಿದವನು ಅವನು. ಅದು ತನಗೆ ಗೊತ್ತಿಲ್ಲದಂತೆ ಬೇರೆಯಾಗಿಬಿಟ್ಟಿದೆ ಎಂದರೆ, ಸ್ವಂತ ಮನೆಯಲ್ಲೇ ದಾರಿ ತಪ್ಪಿದಂತೆ.

ಬಾಗಿಲು ತೆರೆದ ಮೇಲೆ ಅವನು ಅಂದಾಜಿನ ಮೇಲೆ ಉಪ್ಪು ಹೆಚ್ಚಿಸಿದ. ತನಗೆ ಬಾಯಿಗಿಡಲಾಗದಷ್ಟು ಆದರೆ ಗಿರಾಕಿಗೆ ಸರಿ ಇರಬಹುದು ಎಂದು ಅವನ ಲೆಕ್ಕ. ಮೇಷ್ಟ್ರು ಎರಡು ಚಮಚ ತಿಂದು ಇಡೀ ಲೋಟ ನೀರು ಕುಡಿದರು. "ಅಣ್ಣ ವಾಪಸ್ ಬಂದಿದ್ದಾನೆ ಕಣಮ್ಮಾ. ಆದ್ರೆ ಸಮುದ್ರದಲ್ಲಿ ಮಿಂದು ಬಂದಿದ್ದಾನೆ." ಒಂದು ದಿನ ಉಪ್ಪು, ಒಂದು ದಿನ ಸಪ್ಪೆ. ಕೆಟ್ಟ ಊಟ ಹೀಗೇ ಇರುತ್ತದೆ ಎಂದು ಗೊತ್ತಿದ್ದರೆ ಜನ ಹೇಗೋ ಹೊಂದಿಕೊಂಡಾರು, ದಿನಕ್ಕೊಂದು ಥರ ಆದರೆ ಯಾರು ಬರುತ್ತಾರೆ?

ಅತ್ತಿಗೆ ಮತ್ತೆ ಗಲ್ಲಾಕ್ಕೆ ಬಂದು ಕೂತದ್ದು ಆಗ. ಡಾಕ್ಟರು ಅರ್ಧ ದಿನ ಕೂರಬಹುದು ಎಂದಿದ್ದರು. ಕೂತಲ್ಲಿಂದಲೇ ಎಲ್ಲವನ್ನೂ ನೋಡಿ, ಬಿಡುವಿನ ಹೊತ್ತಿನಲ್ಲಿ ಇಬ್ಬರನ್ನೂ ಕರೆದಳು.

"ನಾಳೆಯಿಂದ ರುಚಿ ನೋಡೋದು ಇವಳು. ಇವಳು ಸರಿ ಅನ್ನೋ ತನಕ ತಟ್ಟೆ ಆಚೆ ಬರ್ಬಾರ್ದು."

"ಏನು? ನಾನು ಮಾಡಿ ಇವಳ ಅಪ್ಪಣೆ ಕೇಳ್ಬೇಕಾ? ಇವಳಿಗೆ ಮೊಟ್ಟೆ ಒಡೆಯೋದು ಕಲಿಸಿದ್ದೇ ನಾನು!"

"ಗುರುಗಳ ಹತ್ರ ಏಟು ತಿನ್ನುವಾಗ ನಾಚಿಕೆ ಆಗಿರ್ಲಿಲ್ಲ, ಈಗ ತಂಗಿ ಹತ್ರ ಕೇಳೋಕೆ ಆಗುತ್ತಾ?"

"ನಾನು ಹೊಡೆಯಲ್ಲ ಬಿಡಣ್ಣ" ಎಂದಳು ತಂಗಿ.

ಮೊದಲ ದಿನಗಳಲ್ಲಿ ಅವನು ಮುಖ ಗಂಟಿಕ್ಕಿಕೊಂಡು, ಕೇಳಿದ್ದು ಯಾರಿಗೂ ಕೇಳಿಸಬಾರದು ಎನ್ನುವಂತೆ ಚಮಚವನ್ನು ಕಿಂಡಿಯಲ್ಲಿ ಮುಂದೆ ಚಾಚುತ್ತಿದ್ದ. ಅವಳು 'ಇನ್ನೂ' ಎನ್ನುತ್ತಿದ್ದಳು, ಇಲ್ಲವೇ 'ಸಾಕು'. ಇನ್ನೂ ಎಂದಾಗ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಹಾಕುತ್ತಿದ್ದ. ಕ್ರಮೇಣ ಕೈ ಕಲಿಯಿತು. ಅವಳು ಇನ್ನೂ ಎನ್ನುವುದು ಕಡಿಮೆಯಾಯಿತು. ಸಾಮಾನು ದಿನದ್ದು ದಿನವೇ ತರುವುದು, ಉಳಿದರೆ ನಾಳೆಗೆ ಇಡದಿರುವುದು ಎಂದು ಅತ್ತಿಗೆ ಕಟ್ಟುಮಾಡಿದಳು. ಅದಕ್ಕಾಗಿ ಮೆನುವಿನಲ್ಲಿ ಅರ್ಧದಷ್ಟು ಹೊಡೆದುಹಾಕಬೇಕಾಯಿತು. ಮಧ್ಯಾಹ್ನದ ಮೇಜುಗಳು ತುಂಬಿದವು. ಸಂಜೆಯವು ಮೊದಲಿನಂತೆ ತುಂಬಲೇ ಇಲ್ಲ. ಒಮ್ಮೆ ಕೆಟ್ಟದ್ದನ್ನು ತಿಂದವರು ಅದನ್ನೇ ನೆನಪಿಟ್ಟುಕೊಂಡರು. ಆ ಅಜ್ಜಿಯ ಮನೆಯವರೂ ಮತ್ತೆ ಬರಲಿಲ್ಲ. ಬಾಗಿಲು ಸದ್ದಾದಾಗಲೆಲ್ಲ ತಂಗಿ ಬಹಳ ದಿನ ತಿರುಗಿ ನೋಡುತ್ತಿದ್ದಳು.

ಮನೆಯಲ್ಲಿ ಮಾತ್ರ ಬೆಂಕಿಯಣ್ಣ ಬಗ್ಗಲಿಲ್ಲ. ಸುಳ್ಳು ಬಯಲಾದ ಮೇಲೂ ಹೆಂಡತಿಯ ಊಟವೇ ಅವನ ಊಟ. ಅತ್ತಿಗೆ ಕೆಲವು ದಿನ ಜಗಳವಾಡಿದಳು. ಉಪ್ಪಿನ ಪೊಟ್ಟಣ ತಂದು ಅವನ ತಟ್ಟೆಯ ಪಕ್ಕ ಇಟ್ಟಳು. ಅವನು ಅದನ್ನು ಬಿಚ್ಚಲಿಲ್ಲ. ಹೋಟೆಲು ಹೇಗೋ ನಡೆಯುತ್ತಿದೆಯಲ್ಲ ಎಂದು ಅವಳೂ ಕೊನೆಗೆ ಕೈಬಿಟ್ಟಳು. ಅವಳಿಗೆ ಅದರಿಂದ ಸಮಾಧಾನವಾಯಿತೋ ಸಂಕಟವಾಯಿತೋ ಅವಳೇ ಹೇಳಲಾರಳು. ಎರಡೂ ಇದ್ದಿರಬೇಕು.

ಒಂದು ಸಲ ಬೀನ್ಸ್ ಹೆಚ್ಚುತ್ತಾ ತಂಗಿ ಕೇಳಿದಳು, "ಅಣ್ಣ, ರುಚಿ ಗೊತ್ತಾಗಲ್ಲ ಅಂತ ಬೇಜಾರಾಗಲ್ವಾ?"

ಅವನು ಬಾಣಲೆ ಉಜ್ಜುವುದನ್ನು ನಿಲ್ಲಿಸಿ ಯೋಚಿಸಿದ. "ಗೊತ್ತಾಗಲ್ಲ ಅಂತ ಯಾರಂದ್ರು? ಮೊದಲಿಗಿಂತ ಚೆನ್ನಾಗೇ ಗೊತ್ತಾಗುತ್ತೆ. ಈ ಬೀನ್ಸ್ ಬೆಳಗ್ಗೆ ಕೊಯ್ದದ್ದಾ, ನಿನ್ನೆಯದಾ ಅಂತ ಬಾಯಿಗಿಟ್ರೆ ಹೇಳ್ತೀನಿ. ಆದ್ರೆ ನನಗೆ ಗೊತ್ತಾಗೋ ರುಚಿ ಇವರಿಗೆ ಬೇಡ, ಇವರಿಗೆ ಬೇಕಾದ್ದು ನನಗೆ ಸೇರಲ್ಲ. ಜಗಳ ಮಾಡಿ ಏನು ಮಾಡ್ಲಿ?" ಮತ್ತೆ ಬಾಣಲೆ ಉಜ್ಜುತ್ತಾ, "ಬೇಜಾರು ಆಗುತ್ತೆ. ಒಬ್ಬನೇ ಇದ್ದಂಗೆ ಅನ್ಸುತ್ತೆ, ಈ ಒಲೆ ಮುಂದೆ. ಮನೇಲಿ ಹಂಗನ್ಸಲ್ಲ" ಎಂದ.

ಅತ್ತಿಗೆಯ ದೊಡ್ಡ ಪರೀಕ್ಷೆ ಇದ್ದ ದಿನ ಅವನು ಮಧ್ಯಾಹ್ನದ ಒಲೆ ಹಚ್ಚುವ ಹೊತ್ತಿಗೆ ಅವಳನ್ನು ಕರೆದುಕೊಂಡು ಆಸ್ಪತ್ರೆಯಿಂದ ಬಂದ. ಮೂತ್ರಪಿಂಡಗಳು ಇದ್ದಲ್ಲೇ ಇವೆ, ಒಂದು ಹೆಜ್ಜೆಯೂ ಹಿಂದೆ ಹೋಗಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಅದನ್ನು ಅವನು ತಂಗಿಗೆ ಎರಡು ಸಲ ಹೇಳಿದ. ಅತ್ತಿಗೆ ಗಲ್ಲಾದಲ್ಲಿ ಕೂತು ಮೇಷ್ಟ್ರಿಗೆ ಅದನ್ನೇ ಇನ್ನೊಮ್ಮೆ ವಿವರಿಸುತ್ತಿದ್ದಳು. ಬೆಂಕಿಯಣ್ಣ ಉರಿಯನ್ನು ಎಂದಿಗಿಂತ ಎತ್ತರಕ್ಕೆ ಎಬ್ಬಿಸಿ ಫ್ರೈಡ್ ರೈಸ್ ಮಾಡಿ, ಚಮಚ ಚಾಚಿದ.

ತಂಗಿ ಬಾಯಿಗಿಟ್ಟು ಮುಖ ಕಿವುಚಿದಳು. "ಜಾಸ್ತಿ ಆಯ್ತು ಅಣ್ಣ. ಎರಡು ಸಲ ಹಾಕಿದ್ದೀಯ."

"ಹೋಗ್ಲಿ ಬಿಡೆ, ಇವತ್ತೊಂದಿನ."

"ಇವತ್ತೊಂದಿನ ಅಂದ್ರೆ? ತಿನ್ನೋರು ಮೇಷ್ಟ್ರು, ನೀನಲ್ಲ" ಎಂದು ಅವಳು ಕಿಂಡಿಯೊಳಗೆ ಕೈ ಚಾಚಿ ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು.

ಅವನು ಒಂದು ಕ್ಷಣ ಅವಳನ್ನು ನೋಡಿದ. ಆಮೇಲೆ ತಟ್ಟೆಯನ್ನು ಬದಿಗಿಟ್ಟು, ಬಾಣಲೆ ತೊಳೆದು, ಎಣ್ಣೆ ಬಿಟ್ಟು, ಮತ್ತೆ ಮೊದಲಿನಿಂದ ಶುರುಮಾಡಿದ.